ಮೈದುನನ ಜೊತೆ ಉಡಿಕೆ ಎನ್ನುತ್ತಾರೆ, ಮನಸ್ಸು ಬೇರೆಡೆ ಇದೆ

ಪ್ರಶ್ನೆ: ನನಗೆ 29 ವರ್ಷ. ಗದಗ ಜಿಲ್ಲೆಯ ಸಣ್ಣ ಹಳ್ಳಿ, ಊರಿನ ಅರ್ಧ ಮನೆಗಳು ನೆಂಟರವೇ. ಎರಡು ವರ್ಷದ ಹಿಂದೆ ಗಂಡ ಬೈಕ್ ಅಪಘಾತದಲ್ಲಿ ತೀರಿಕೊಂಡರು. ಐದು ವರ್ಷದ ಮಗನಿದ್ದಾನೆ. ಮೈದುನನ ಜೊತೆ ಉಡಿಕೆ, ಅಂದರೆ ವಿಧವೆಯ ಮರುಮದುವೆ, ಮಾಡಿಸಬೇಕೆಂದು ಅತ್ತೆ ಹಟ ಹಿಡಿದಿದ್ದಾರೆ. ಅವನು ಬೇರೊಬ್ಬಳನ್ನು ಪ್ರೀತಿಸುತ್ತಿರುವುದು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು. ನನಗೆ, ಬಿತ್ತನೆಗೂ ಸುಗ್ಗಿಗೂ ಬಂದು ನಿಂತ ಗಂಡನ ಗೆಳೆಯನ ಮೇಲೆ ಮನಸ್ಸಾಗಿದೆ. ಅವರಿಗೂ ಮದುವೆಯಾಗಿಲ್ಲ, ಒಪ್ಪಿದ್ದಾರೆ. 'ಗಂಡ ಇದ್ದಾಗಲೇ ಇತ್ತು' ಎಂದು ಊರು ಆಡಿಕೊಂಡರೆ? ಗಂಡ ದುಡಿದು ಕೊಂಡ ಮೂರು ಎಕರೆ ಹೊಲ ಕೈತಪ್ಪುತ್ತದೆಯೇ?

ಉತ್ತರ: ತಂಗಿ, ಊರು ಏನನ್ನುತ್ತದೆ ಎಂದು ಕೇಳಿದ್ದೀರಿ. ರಾತ್ರಿ ನಿದ್ದೆಗೆಡಿಸುತ್ತಿರುವುದು ನಿಮ್ಮದೇ ಅನುಮಾನ ಎಂದು ನನಗನ್ನಿಸುತ್ತದೆ: ಅವರಿದ್ದಾಗಲೇ ನನ್ನ ಮನಸ್ಸಿನಲ್ಲಿ ಇದಿತ್ತೇ? ಸಾವಿನ ನಂತರ ಹುಟ್ಟಿದ ಪ್ರೀತಿಯಲ್ಲಿ ಈ ಪ್ರಶ್ನೆ ಕಾಡದವರನ್ನು ನಾನು ಕಂಡಿದ್ದು ಕಡಿಮೆ. ನಿಮ್ಮ ಗಂಡನನ್ನು ಹತ್ತಿರದಿಂದ ಬಲ್ಲವರು, ಅವರ ಹೆಸರು ಹೇಳಿ ನಿಮ್ಮೊಡನೆ ಅತ್ತವರು ಆ ಗೆಳೆಯ. ದುಃಖ ಹಂಚಿಕೊಂಡ ಜಾಗದಲ್ಲಿಯೇ ಒಲವು ಚಿಗುರುವುದು ಸಹಜ. ಅದನ್ನು ಹಿಂದಕ್ಕೆಳೆದು ನಿಮ್ಮ ಸಂಸಾರದ ವರ್ಷಗಳಿಗೆ ಮಸಿ ಬಳಿದುಕೊಳ್ಳಬೇಡಿ. ಆದರೆ ಒಂದನ್ನು ಮಾತ್ರ ಪರೀಕ್ಷಿಸಿಕೊಳ್ಳಿ. ಅವರೊಡನೆ ಗಂಡನ ನೆನಪಾಗಲಿ, ಹೊಲದ ಕೆಲಸವಾಗಲಿ ಬಿಟ್ಟು ಬೇರೆ ಮಾತು ಬೆಳೆಯುತ್ತದೆಯೇ? ಬೆಳೆಯದಿದ್ದರೆ ಇನ್ನೂ ಕೆಲವು ತಿಂಗಳು ಕಾಯಿರಿ.

ಇನ್ನು ಹೊಲ. 1856ರ ವಿಧವಾ ಪುನರ್ವಿವಾಹ ಕಾಯ್ದೆ ಮರುಮದುವೆಗೆ ದಾರಿ ಕೊಟ್ಟರೂ ಗಂಡನ ಆಸ್ತಿಯ ಹಕ್ಕನ್ನು ಕಸಿಯುತ್ತಿತ್ತು. ಹಳ್ಳಿಗಳಲ್ಲಿ ಈಗಲೂ ಓಡಾಡುತ್ತಿರುವುದು ಆ ಹಳೆಯ ಮಾತೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡನ ಸ್ವಯಾರ್ಜಿತ ಜಮೀನು, ಅವರು ಮರಣಶಾಸನ ಬರೆದಿಡದಿದ್ದರೆ, ಹೆಂಡತಿ, ಮಗ, ತಾಯಿ ಮೂವರಿಗೂ ಸಮಪಾಲು. ಬಂದ ಪಾಲು ಮರುಮದುವೆಯಿಂದ ಹೋಗುವುದಿಲ್ಲ. ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಇನ್ನೂ ಆಗಿರದಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಈ ವಾರವೇ ನಾಡಕಚೇರಿಗೆ ಹೋಗಿ, ಪಹಣಿಯಲ್ಲಿ ಮೂವರ ಹೆಸರೂ ಬರುವಂತೆ ನೋಡಿಕೊಳ್ಳಿ.

ಇದನ್ನು ಮೊದಲು ಮಾಡಿ ಎನ್ನಲು ಕಾರಣವಿದೆ. ಅತ್ತೆಯ ಹಟದ ಹಿಂದೆ ಎರಡು ಭಯಗಳಿವೆ: ಹೊಲ ಪರರ ಪಾಲಾಗುವುದು, ಮೊಮ್ಮಗ ದೂರವಾಗುವುದು. ಅಪ್ರಾಪ್ತ ಮಗನ ಪಾಲನ್ನು ನ್ಯಾಯಾಲಯದ ಅನುಮತಿಯಿಲ್ಲದೆ ತಾಯಿಯೂ ಮಾರುವಂತಿಲ್ಲ ಎಂದು ಅವರಿಗೆ ಬಿಡಿಸಿ ಹೇಳಿ. ಮಗನನ್ನು ಕಳೆದುಕೊಂಡ ಆ ಹೆಣ್ಣುಮಗಳ ಮೇಲೆ ನನಗೆ ಸಿಟ್ಟಿಲ್ಲ.

ಉಡಿಕೆ ನಮ್ಮ ಕಡೆ ಎಷ್ಟೋ ಸಮುದಾಯಗಳು ಹೆಣ್ಣಿಗೆ ಎರಡನೆಯ ಬಾಳು ಕೊಟ್ಟ ಪದ್ಧತಿ, ಅದರ ಬಗ್ಗೆ ಗೌರವವಿದೆ. ಒಲ್ಲದ ಇಬ್ಬರನ್ನು ಕಟ್ಟಿಹಾಕಲು ಅದನ್ನು ಬಳಸುವುದು ಅನ್ಯಾಯ. 1955ರ ಹಿಂದೂ ವಿವಾಹ ಕಾಯ್ದೆಯೂ ಅಣ್ಣನ ಹೆಂಡತಿಯಾಗಿದ್ದವಳೊಡನೆ ಮದುವೆಯನ್ನು, ಸಮುದಾಯದ ರೂಢಿ ಒಪ್ಪಿದರೆ ಮಾತ್ರ, ಮಾನ್ಯ ಮಾಡುತ್ತದೆ.

ಮೈದುನನ ಗುಟ್ಟನ್ನು ನೀವು ಒಡೆಯಬೇಡಿ. 'ನಾನು ಒಲ್ಲೆ ಎನ್ನುತ್ತೇನೆ, ನೀನೂ ನಿನ್ನ ಮಾತು ನೀನೇ ಹೇಳು' ಎಂದು ಅವನೊಬ್ಬನೇ ಇರುವಾಗ ತಿಳಿಸಿ. ಅವನು ಬಾಯಿಬಿಟ್ಟ ಮೇಲೆ ನಿಮ್ಮ ತವರಿನ ಹಿರಿಯರೊಬ್ಬರು ಗೆಳೆಯನ ವಿಷಯ ಎತ್ತಲಿ. ಅಲ್ಲಿಯವರೆಗೆ ಆ ಗೆಳೆಯ ಹೊಲಕ್ಕಷ್ಟೇ ಬರಲಿ, ಮನೆಗೆ ಬೇಡ. ಮಾತುಕತೆಗೆ ಕೂತ ದಿನ, ಪ್ರತಿ ನಾಗರಪಂಚಮಿಗೆ ಮೊಮ್ಮಗ ಅಜ್ಜಿಯ ಮನೆಯಲ್ಲೇ ಉಂಡಿ ತಿನ್ನುತ್ತಾನೆಂದು ಎಲ್ಲಕ್ಕಿಂತ ಮೊದಲು ನೀವೇ ಹೇಳಿ.