ಡಿಸ್ಕಂಫಿಟ್ ಎಂದರೆ ಬರಿಯ ಮುಜುಗರವಲ್ಲ

‘ಡಿಸ್ಕಂಫಿಟ್’ ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ‘ಮುಜುಗರಪಡಿಸು’ ಎಂಬ ಒಂದೇ ಅರ್ಥವನ್ನು ನೆನಪಿಟ್ಟುಕೊಂಡರೆ ಸಾಕೇ ಎಂದು ಕೇಳಿದ್ದೀರಿ. ನಾನೂ ಹಾಗೆಯೇ ನೆನಪಿಟ್ಟುಕೊಂಡಿದ್ದೆ. ಅದರಿಂದಾಗಿ ಒಂದು ಅನುವಾದದ ಕೆಲಸ ಕೈತಪ್ಪಿತು.

ಆಗ ನಾನು ಪ್ರಕಾಶಕರೊಬ್ಬರಿಗಾಗಿ ಹಳೆಯ ಇಂಗ್ಲಿಷಿನ ಯುದ್ಧವೃತ್ತಾಂತವೊಂದನ್ನು ಕನ್ನಡಕ್ಕೆ ತರುತ್ತಿದ್ದೆ. ಹಗಲೆಲ್ಲ ನಡೆದ ಕಾಳಗದ ಕೊನೆಗೆ ಶತ್ರುಸೇನೆಯು ‘ಡಿಸ್ಕಂಫಿಟೆಡ್’ ಆಯಿತೆಂದಿತ್ತು. ಗೊತ್ತಿರುವ ಪದವೆಂಬ ಧೈರ್ಯದಿಂದ ನಿಘಂಟನ್ನು ತೆರೆಯದೆ, ‘ಶತ್ರುಸೇನೆಗೆ ಬಹಳ ಮುಜುಗರವಾಯಿತು’ ಎಂದು ಬರೆದೆ. ಮರುವಾಕ್ಯದಲ್ಲೇ ಸೈನಿಕರು ಆಯುಧಗಳನ್ನು ಬಿಸುಟು ಓಡುತ್ತಿದ್ದರು. ಮುಜುಗರವಾದವರು ಹಾಗೆ ಓಡುತ್ತಾರೆಯೇ ಎಂಬ ಅನುಮಾನ ನನಗೆ ಬರಬೇಕಿತ್ತು, ಬರಲಿಲ್ಲ. ಅದು ಸಾಲದೆಂಬಂತೆ, ಮುಂದೆ ಆ ಪದ ಬಂದಲ್ಲೆಲ್ಲ ಅನುವಾದದಲ್ಲಿ ಏಕರೂಪತೆ ಇರಲೆಂದು, ಸೋತ ದೊರೆಗಳನ್ನೂ ದಂಡನಾಯಕರನ್ನೂ ಒಬ್ಬೊಬ್ಬರಾಗಿ ಮುಜುಗರಕ್ಕೀಡುಮಾಡುತ್ತ ಹೋದೆ. ಸಂಪಾದಕರು ಹಸ್ತಪ್ರತಿಯನ್ನು ಹಿಂದಿರುಗಿಸಿ, ಉಳಿದ ಅಧ್ಯಾಯಗಳನ್ನು ಬೇರೆಯವರಿಗೆ ವಹಿಸಿದರು.

ಹಳೆಯ ಫ್ರೆಂಚಿನಿಂದ ಬಂದ ಈ ಪದದ ಮೂಲಾರ್ಥ ಯುದ್ಧದಲ್ಲಿ ಸೋಲಿಸುವುದು. 1611ರ ಕಿಂಗ್ ಜೇಮ್ಸ್ ಬೈಬಲಿನ ವಿಮೋಚನಕಾಂಡದಲ್ಲಿ ಯೆಹೋಶುವನು ಅಮಾಲೇಕ್ಯರನ್ನು ಕತ್ತಿಯಿಂದ ಸೋಲಿಸಿದ ಸಂದರ್ಭಕ್ಕೆ ಬಳಸಿರುವುದು ಇದೇ ಕ್ರಿಯಾಪದವನ್ನು. ಕ್ರಮೇಣ ಅದು ರಣರಂಗದಿಂದಾಚೆಗೂ ನಡೆದು, ಎದುರಾಳಿಯ ಯೋಜನೆಯನ್ನು ಕೆಡಿಸುವುದು, ಆಮೇಲೆ ಮನಸ್ಸನ್ನು ಕಸಿವಿಸಿಗೊಳಿಸುವುದು ಎಂಬ ಅರ್ಥಗಳನ್ನೂ ಪಡೆಯಿತು. ಇದಕ್ಕೆ ‘ಡಿಸ್ಕಂಫರ್ಟ್’ ಎಂಬ ಪದದೊಂದಿಗಿನ ಹೋಲಿಕೆಯೂ ಒಂದು ಕಾರಣ. ನೋಟಕ್ಕೆ ಒಡಹುಟ್ಟಿದವರಂತಿದ್ದರೂ ಇವುಗಳ ಮೂಲ ಬೇರೆ: ‘ಡಿಸ್ಕಂಫಿಟ್’ ಲ್ಯಾಟಿನ್ನಿನಲ್ಲಿ ‘ಮಾಡು’ ಎಂಬ ಧಾತುವಿಗೂ, ‘ಡಿಸ್ಕಂಫರ್ಟ್’ ‘ಬಲಿಷ್ಠ’ ಎಂಬ ಅರ್ಥದ ಪದಕ್ಕೂ ಸೇರಿದವು. ಸೋಲಿಸುವುದೊಂದೇ ಸರಿಯಾದ ಅರ್ಥವೆಂದು ಹಟ ಹಿಡಿದ ಪಂಡಿತರಿದ್ದರು. ಅವರ ಮಾತು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಇಂದಿನ ಬರಹಗಳಲ್ಲಿ ಕಸಿವಿಸಿಯ ಅರ್ಥವೇ ಹೆಚ್ಚು. ಆದ್ದರಿಂದ ಒಂದೇ ಅರ್ಥವನ್ನು ಬಾಯಿಪಾಠ ಮಾಡುವ ಬದಲು ನೀವು ಓದುತ್ತಿರುವ ಬರಹ ಯಾವ ಕಾಲದ್ದೆಂದು ಮೊದಲು ನೋಡಿ.

ನಿಮ್ಮ ಸ್ವಂತ ಬರವಣಿಗೆಯಲ್ಲಿ ಈ ಪದವನ್ನು ಬಳಸುವ ಅಗತ್ಯವೇ ಇಲ್ಲವೆಂದು ನನ್ನ ಅಭಿಪ್ರಾಯ. ಮಾತಿನಲ್ಲಂತೂ ಕೇಳುವವರು ‘ಡಿಸ್ಕಂಫರ್ಟ್’ ಎಂದೇ ತಿಳಿಯುತ್ತಾರೆ. ‘ಅನ್‌ಕಂಫರ್ಟಬಲ್’ ಎಂಬುದನ್ನು ಬಳಸಿದರೆ ಯಾವ ಗೊಂದಲವೂ ಇರುವುದಿಲ್ಲ. ಬಳಸಲೇಬೇಕೆಂದಿದ್ದರೆ, ಇದು ಕರ್ಮಪದವನ್ನು ಬೇಡುವ ಕ್ರಿಯಾಪದವೆಂಬುದು ಗಮನದಲ್ಲಿರಲಿ: ಅನಿರೀಕ್ಷಿತ ಪ್ರಶ್ನೆಯೊಂದು ಭಾಷಣಕಾರನನ್ನು ‘ಡಿಸ್ಕಂಫಿಟ್’ ಮಾಡಬಹುದು, ಆದರೆ ಗಟ್ಟಿ ಕುರ್ಚಿಯಲ್ಲಿ ಕುಳಿತು ಅವನ ಬೆನ್ನಿಗೆ ಆಗುವುದು ‘ಡಿಸ್ಕಂಫರ್ಟ್’ ಮಾತ್ರ. ‘ಐ ಫೆಲ್ಟ್ ಡಿಸ್ಕಂಫಿಟ್’ ಎಂಬುದು ತಪ್ಪು, ‘ಡಿಸ್ಕಂಫಿಟೆಡ್’ ಎಂದಾಗಬೇಕು. ನಾಮಪದ ಬೇಕಾದಲ್ಲಿ ‘ಡಿಸ್ಕಂಫಿಚರ್’ ಎಂದು ಬರೆಯಿರಿ.