ಐನೂರು ಸಹಿಗಿಂತ ಎರಡು ಸಹಿ ಮುಖ್ಯ

ಕಾರಟಗಿಯ ಓದುಗರೊಬ್ಬರ ಪತ್ರದ ಸಾರ: ‘ತುಂಗಭದ್ರಾ ಎಡದಂಡೆ ನಾಲೆಯ ನಮ್ಮ ಭಾಗದಲ್ಲಿ ಸವಳು-ಜವಳು ಹಿಡಿದ ಹೊಲಗಳನ್ನು ಮತ್ತೆ ಬೆಳೆಗೆ ತಂದ ಮಣ್ಣು ವಿಜ್ಞಾನಿಯೊಬ್ಬರಿದ್ದಾರೆ. ಅವರಿಗೆ ವಿಜ್ಞಾನ ಅಕಾಡೆಮಿಯ ಫೆಲೋಷಿಪ್ ಸಿಗಬೇಕೆಂದು ಐನೂರು ರೈತರ ಸಹಿ ಕೂಡಿಸಿದ್ದೇವೆ. ಶಾಸಕರ ಶಿಫಾರಸು ಪತ್ರವೂ ಸಿಗುತ್ತದೆ. ಎಲ್ಲಿಗೆ ಕಳಿಸಬೇಕು?’

ಸಂಪಾದಕರ ಉತ್ತರ:

ಎಲ್ಲಿಗೂ ಕಳಿಸಬೇಡಿ. ಶಾಸಕರ ಪತ್ರವಂತೂ ಬೇಡವೇ ಬೇಡ. ಪದ್ಮ ಪ್ರಶಸ್ತಿಯಾದರೆ ಯಾರು ಬೇಕಾದರೂ ಯಾರ ಹೆಸರನ್ನಾದರೂ ಸೂಚಿಸಬಹುದು, ತಮ್ಮ ಹೆಸರನ್ನು ತಾವೇ ಕೂಡ. 800 ಪದ ಮೀರದಂತೆ ಸಾಧನೆ ಬರೆದು ಜಾಲತಾಣದಲ್ಲಿ ಹಾಕಿದರಾಯಿತು. ಅಕಾಡೆಮಿಯ ದಾರಿ ಬೇರೆ. ಫೆಲೋ ಎಂದರೆ ಅಕಾಡೆಮಿಗೆ ಆಯ್ಕೆಯಾದ ಸದಸ್ಯ. ಅಲ್ಲಿ ಈಗಾಗಲೇ ಫೆಲೋ ಆಗಿರುವವರೇ ಹೊಸಬರನ್ನು ಆರಿಸಿಕೊಳ್ಳುತ್ತಾರೆ. ಸೊಸೈಟಿ ಚುನಾವಣೆಯಲ್ಲಿ ಸೂಚಕರೂ ಅನುಮೋದಕರೂ ಸದಸ್ಯರೇ ಆಗಿರಬೇಕಲ್ಲ, ಹಾಗೆ. ಆದರೆ ಇಲ್ಲಿ ಅಭ್ಯರ್ಥಿ ಮತ ಕೇಳುತ್ತ ತಿರುಗುವಂತಿಲ್ಲ. ತಿರುಗಿದ್ದು ಗೊತ್ತಾದರೆ ಬರುವ ಮತವೂ ಕೈತಪ್ಪುತ್ತದೆ.

ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಒಬ್ಬ ಫೆಲೋ ನಾಮನಿರ್ದೇಶನ ಪತ್ರ ತುಂಬುತ್ತಾರೆ, ಇನ್ನೊಬ್ಬರೋ ಕೆಲವರೋ ಅನುಮೋದಿಸುತ್ತಾರೆ. ಪತ್ರ ಆಯಾ ವಿಷಯದ ಸಮಿತಿಗೆ ಹೋಗುತ್ತದೆ. ಸಮಿತಿ ತೂಗಿನೋಡಿ, ಬೇಕೆನಿಸಿದರೆ ಹೊರಗಿನ ತಜ್ಞರ ಅಭಿಪ್ರಾಯ ತರಿಸಿ, ಹೆಸರುಗಳನ್ನು ಯೋಗ್ಯತೆಯ ಕ್ರಮದಲ್ಲಿ ಜೋಡಿಸುತ್ತದೆ. ಅದರಿಂದ ಆಡಳಿತ ಮಂಡಳಿ ಅಂತಿಮ ಪಟ್ಟಿ ಮಾಡುತ್ತದೆ. ಕೊನೆಗೆ ಫೆಲೋಗಳ ಮತ. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇಬ್ಬರು ಫೆಲೋಗಳ ಸಹಿ ಬಿದ್ದ ಹೆಸರು 7 ವರ್ಷ ಕಣದಲ್ಲಿರುತ್ತದೆ. ಅಷ್ಟರಲ್ಲಿ ಆಯ್ಕೆಯಾಗದಿದ್ದರೆ 3 ವರ್ಷ ಬಿಟ್ಟು ಮತ್ತೆ ಸೂಚಿಸಬಹುದು. ಹಾಗಾಗಿ ಮೊದಲ ವರ್ಷವೇ ಹೆಸರು ಬರಲಿಲ್ಲವೆಂದು ಯಾರೂ ತಲೆ ಮೇಲೆ ಕೈ ಹೊತ್ತು ಕೂರುವುದಿಲ್ಲ.

ನೀವು ಕೇಳದೆ ಬಿಟ್ಟ ಪ್ರಶ್ನೆಯೇ ಇಲ್ಲಿ ದೊಡ್ಡದು. ನಮ್ಮ ಕಡೆಯವರ ಹೆಸರು ಹೆಚ್ಚಾಗಿ ಸೋಲುವುದು ಮತದಾನದಲ್ಲಲ್ಲ, ಮೊದಲ ಸಹಿಯಲ್ಲೇ. ಬೆಂಗಳೂರು, ಪುಣೆ, ಹೈದರಾಬಾದಿನ ದೊಡ್ಡ ಸಂಸ್ಥೆಗಳಲ್ಲಿ ಪಕ್ಕದ ಕೋಣೆಯಲ್ಲೇ ಒಬ್ಬ ಫೆಲೋ ಕೂತಿರುತ್ತಾರೆ. ಸಂಜೆ ಚಹಾಕ್ಕೆ ಸೇರಿದಾಗ ಯಾರ ಕೆಲಸ ಏನೆಂಬುದು ತಾನಾಗಿಯೇ ತಿಳಿಯುತ್ತದೆ. ರಾಯಚೂರು, ಗಂಗಾವತಿಯ ಸಂಶೋಧನಾ ಕೇಂದ್ರದಲ್ಲಿ ಕೂತವರಿಗೆ ಆ ಸಲುಗೆ ಇಲ್ಲ. ವಿಧಾನದಲ್ಲೇ ಇರುವ ಕೊರತೆ ಇದು, ಅಕಾಡೆಮಿಗಳೂ ಇದನ್ನು ಬಲ್ಲವು. ಒಳಗಿನವರೇ ಆರಿಸುವ ಪದ್ಧತಿಯಲ್ಲಿ ದೊಡ್ಡ ಹೆಸರೂ ಹೊರಗುಳಿದದ್ದುಂಟು. 1911ರ ಜನವರಿಯಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಮೇರಿ ಕ್ಯೂರಿಯನ್ನು ಬಿಟ್ಟು ಭೌತವಿಜ್ಞಾನಿ ಎದೂಆರ್ ಬ್ರಾನ್ಲಿಯನ್ನು ಆರಿಸಿತು. ಅದೇ ವರ್ಷ ಆಕೆಗೆ ಎರಡನೆಯ ನೊಬೆಲ್ ಬಂತು. ಆ ಅಕಾಡೆಮಿಗೆ ಮೊದಲ ಮಹಿಳೆ ಪೂರ್ಣ ಸದಸ್ಯೆಯಾಗಿ ಬಂದದ್ದು 1979ರಲ್ಲಿ.

ಅಕಾಡೆಮಿ ಯಾವುದು ಎಂಬುದನ್ನೂ ನೋಡಿ. 1934ರಲ್ಲಿ ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ್ದು ಎಲ್ಲ ವಿಜ್ಞಾನಗಳ ಅಕಾಡೆಮಿ. ಸವಳು ನೆಲದ ಕೆಲಸಕ್ಕೆ ದೆಹಲಿಯ ರಾಷ್ಟ್ರೀಯ ಕೃಷಿ ವಿಜ್ಞಾನಗಳ ಅಕಾಡೆಮಿ ಹೆಚ್ಚು ಒಪ್ಪುತ್ತದೆ. ಅದು 1990ರಲ್ಲಿ ಶುರುವಾದದ್ದು. ನೈಸರ್ಗಿಕ ಸಂಪನ್ಮೂಲ ನಿರ್ವಹಣೆಗೇ ಅಲ್ಲೊಂದು ವಿಭಾಗವಿದೆ. ವಿಭಾಗ ತಪ್ಪಿದರೆ ಒಳ್ಳೆಯ ಹೆಸರೂ ಮುಳುಗುತ್ತದೆ. ಮಣ್ಣಿನವರ ಪತ್ರವನ್ನು ಬೆಳೆ ವಿಜ್ಞಾನದವರು ಓದಿದರೆ ಹೊಸ ತಳಿ ಎಲ್ಲಿ ಎಂದು ಹುಡುಕುತ್ತಾರೆ.

ಇನ್ನು ಪತ್ರದ ಬರಹ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಕೇಳುವುದು ಚಿಕ್ಕದೊಂದು ಪರಿಚಯ, ಸಾಧನೆಯ ಮೇಲೆ 250 ಪದ, ಹೆಚ್ಚೆಂದರೆ 12 ಪ್ರಬಂಧ. ನಮ್ಮಲ್ಲಿನ ಅಳತೆ ಏನೇ ಇರಲಿ, ಈ ಬಿಗಿಯನ್ನು ಇಟ್ಟುಕೊಂಡೇ ಬರೆಯುವುದು ಲೇಸು. ‘ಮಣ್ಣು ವಿಜ್ಞಾನ ಕ್ಷೇತ್ರಕ್ಕೆ ಅಪಾರ ಸೇವೆ’ ಎಂಬ ಸಾಲು ಸನ್ಮಾನ ಪತ್ರಕ್ಕೆ ಸರಿ, ಸಮಿತಿಗೆ ಅದರಿಂದ ಏನೂ ತಿಳಿಯುವುದಿಲ್ಲ. ‘ಎರೆಮಣ್ಣಿನಲ್ಲಿ ಬಸಿಗಾಲುವೆಗಳ ನಡುವೆ ಎಷ್ಟು ಅಂತರವಿದ್ದರೆ ಉಪ್ಪು ಕೆಳಗಿಳಿಯುತ್ತದೆ ಎಂಬುದನ್ನು ಅಳೆದು ತೋರಿಸಿದರು, ಮೊದಲು ಹೀಗೆಂದುಕೊಂಡಿದ್ದರು, ಈಗ ಲೆಕ್ಕ ಬದಲಾಗಿದೆ’ ಎಂಬಂಥ ಸಾಲು ಬೇಕು. ಕೃಷಿ ಸಂಶೋಧನೆ ಹತ್ತು ಕೈಗಳ ಕೆಲಸ. ಅದರಲ್ಲಿ ಇವರ ಪಾಲು ಯಾವುದು ಎಂದು ಬಿಡಿಸಿ ಹೇಳದಿದ್ದರೆ ಆ ಪಾಲು ಸಮಿತಿಯ ಕಣ್ಣಲ್ಲಿ ಸೊನ್ನೆ. ಪ್ರಶಸ್ತಿ, ಶಾಲು, ಅಧ್ಯಕ್ಷತೆ ವಹಿಸಿದ ಸಭೆಗಳ ಪಟ್ಟಿ ಬೆಳೆದಷ್ಟೂ ವಿಜ್ಞಾನ ಕಡಿಮೆ ಇದೆಯೇನೋ ಎಂಬ ಗುಮಾನಿ ಹುಟ್ಟುತ್ತದೆ.

ಸೂಚಕರನ್ನು ಹುಡುಕುವುದು ಕಷ್ಟವಲ್ಲ. ಫೆಲೋಗಳ ಪಟ್ಟಿಯನ್ನು ಅಕಾಡೆಮಿಗಳೇ ಜಾಲತಾಣದಲ್ಲಿ ಹಾಕಿರುತ್ತವೆ. ದೊಡ್ಡ ಹೆಸರಿನವರ ಬೆನ್ನು ಹತ್ತಬೇಡಿ. ನಿಮ್ಮ ವಿಜ್ಞಾನಿಯ ಪ್ರಬಂಧಗಳನ್ನು ತಮ್ಮ ಬರಹದಲ್ಲಿ ಉಲ್ಲೇಖಿಸಿದ ಫೆಲೋ ಯಾರು ನೋಡಿ. ಕೆಲಸ ಬಲ್ಲವರು ಬರೆದ ಅರ್ಧ ಪುಟಕ್ಕೆ ತೂಕ ಹೆಚ್ಚು. ಮೊದಲ ಮಾತು ನಿಮ್ಮಿಂದ ಬೇಡ. ವಿಜ್ಞಾನಿಯ ವಿಭಾಗದ ಹಿರಿಯರೋ ನಿರ್ದೇಶಕರೋ ಆಡಲಿ, ಅದೂ ಕೊನೆಯ ದಿನಾಂಕಕ್ಕೆ ಮೂರು ತಿಂಗಳು ಮೊದಲೇ. ನಿಯಮ ಆಗಾಗ ಬದಲಾಗುತ್ತದೆ, ಹಳೆಯ ನಮೂನೆ ತುಂಬಿ ಕಳಿಸಬೇಡಿ.

ಒಂದು ಎಚ್ಚರಿಕೆ: ‘ಇಷ್ಟು ರೂಪಾಯಿ ಕಟ್ಟಿ, ಫೆಲೋ ಆಗಿ’ ಎಂದು ಇಮೇಲ್ ಬಂದರೆ ಅಳಿಸಿಹಾಕಿ. ಆಯ್ಕೆಯಾದ ಮೇಲೆ ಪ್ರವೇಶ ಶುಲ್ಕ ಪಡೆಯುವ ಅಕಾಡೆಮಿಗಳುಂಟು. ಆಯ್ಕೆಯನ್ನೇ ಮಾರುವವರು ಬೇರೆ ಜಾತಿಯವರು.

ನಿಮ್ಮ ಐನೂರು ರೈತರಿಗೆ ಬೇರೆ ಕೆಲಸ ಇದೆ. ಉಪ್ಪು ಹೆಚ್ಚಿದಷ್ಟೂ ಏರುವ ಮಣ್ಣಿನ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ (ಅದನ್ನು ಅಳೆಯುವ ಮಾನ) ದಾಟಿದರೆ ಅದನ್ನು ಸವಳು ಎಂದು ಲೆಕ್ಕ ಹಿಡಿಯುತ್ತಾರೆ. ಬಸಿಗಾಲುವೆ ಹಾಕುವ ಮೊದಲು ಎಷ್ಟಿತ್ತು, ಮೂರು ವರ್ಷದ ಮೇಲೆ ಎಷ್ಟಾಯಿತು, ಎಕರೆಗೆ ಎಷ್ಟು ಚೀಲ ಬಂತು ಎಂಬುದನ್ನು ಸರ್ವೆ ನಂಬರಿನ ಸಮೇತ ಬರೆಸಿ. ಹಳೆಯ ಮಣ್ಣು ಪರೀಕ್ಷೆಯ ಚೀಟಿ ಟ್ರಂಕಿನಲ್ಲೋ ಮಾಡದಲ್ಲೋ ಇಟ್ಟವರು ನೂರಕ್ಕೆ ಹತ್ತು ಮಂದಿ ಸಿಕ್ಕರೂ ಸೂಚಕರ ಕೈಗೆ ಐವತ್ತು ಹೊಲಗಳ ಲೆಕ್ಕ ಬಂದಂತಾಗುತ್ತದೆ.