ಎಫ್3 ಬಂದರೆ ಮೊದಲು ಸೆನ್ಸರ್ ನೋಡಿ

ಎಲೆಕ್ಟ್ರಿಕ್ ರೇಂಜ್‌ನಲ್ಲಿ (ಮೇಲೆ ಒಲೆ, ಕೆಳಗೆ ಓವನ್ ಇರುವ ಸ್ಟವ್) ಮೇಲಿನ ಬರ್ನರ್‌ಗಳು ಸರಿಯಾಗಿವೆ, ಓವನ್ ಹಾಕಿದ ಕೂಡಲೇ ಡಿಸ್‌ಪ್ಲೇಯಲ್ಲಿ ಎಫ್3 ಬಂದು ಬೀಪ್ ಬೀಪ್ ಅಂತ ಕೂಗುತ್ತದೆ, ಅಲ್ವಾ? ಅಮೆರಿಕದ ಎಷ್ಟೋ ಎಲೆಕ್ಟ್ರಿಕ್ ರೇಂಜ್‌ಗಳಲ್ಲಿ ಎಫ್3 ಅಂದರೆ ಓವನ್‌ನ ಬಿಸಿ ಅಳೆಯುವ ಸೆನ್ಸರ್‌ನ ತೊಂದರೆ. ಆದರೆ ಒಂದೊಂದು ಕಂಪನಿಯ ಕೋಡ್ ಒಂದೊಂದು ಥರ. ಕೆಳಗಿನ ಡ್ರಾಯರ್ ಎಳೆದು ನೋಡಿ, ಇಲ್ಲವೇ ಪ್ಯಾನೆಲ್ ಹಿಂದೆ. ಮಡಚಿಟ್ಟ ಟೆಕ್ ಶೀಟ್ (ರಿಪೇರಿ ವಿವರದ ಹಾಳೆ) ಸಿಗಬಹುದು, ಅದರಲ್ಲಿ ಖಚಿತ ಮಾಡಿಕೊಳ್ಳಿ.

ಬ್ರೇಕರ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಆನ್ ಮಾಡಿ. ಮತ್ತೆ ಬಂತಾ? ಪುನಃ ಆಫ್ ಮಾಡಿಯೇ ಕೈ ಹಾಕಿ. 240 ವೋಲ್ಟ್, ಹುಡುಗಾಟ ಬೇಡ. ಓವನ್ ಒಳಗೆ, ಹಿಂದಿನ ಗೋಡೆಯ ಮೇಲ್ಭಾಗದಲ್ಲಿ ಪೆನ್ಸಿಲ್‌ಗಿಂತ ತೆಳ್ಳಗಿನ ಲೋಹದ ಕಡ್ಡಿ ಇರುತ್ತದೆ, ಅದೇ ಸೆನ್ಸರ್. ಸಾಮಾನ್ಯವಾಗಿ ಎರಡೇ ಸ್ಕ್ರೂ. ಬಿಚ್ಚಿ ಮೆಲ್ಲಗೆ ಎಳೆದರೆ ವೈರಿನ ಪ್ಲಗ್ ಬರುತ್ತದೆ. ಅದು ವಾಪಸ್ ತೂತಿನೊಳಗೆ ಜಾರದಂತೆ ಬಟ್ಟೆ ಕ್ಲಿಪ್ ಹಾಕಿ. ನನ್ನದು ಜಾರಿ, ಇಡೀ ರೇಂಜನ್ನೇ ಗೋಡೆಯಿಂದ ಎಳೆಯಬೇಕಾಯಿತು!

ಓವನ್ ತಣ್ಣಗಿರುವಾಗ, ಪ್ಲಗ್ ಬಿಡಿಸಿ ಸೆನ್ಸರ್ ಕಡೆಯ ಎರಡು ಪಿನ್‌ಗಳಿಗೆ ಹಿಡಿದರೆ ಮಲ್ಟಿಮೀಟರ್ ಸುಮಾರು 1080ರಿಂದ 1100 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಸೆನ್ಸರ್ ಹೋಗಿದೆ, ಬದಲಿಸಿ. ಸರಿಯಿದ್ದರೆ ಕಂಟ್ರೋಲ್ ಬೋರ್ಡ್‌ವರೆಗಿನ (ಓವನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್) ವೈರ್ ನೋಡಿ. ರಿಪೇರಿಯವರು ಇದನ್ನೆಲ್ಲ ನೋಡದೆ ಸುಮ್ನೆ ಬೋರ್ಡ್ ಬದಲಿಸಿ ಅಂದರೆ ಒಪ್ಪಬೇಡಿ, ಅದಕ್ಕೆ ದುಡ್ಡು ಜಾಸ್ತಿ.